ವಾರ್ಡ್ ಸಮಿತಿಗಳ ಕೋವಿಡ್ ವರ್ಷಗಳು

2020ರ ಯುಗಾದಿ ಬಂದದ್ದು ಮಾರ್ಚ್ 25ರ ಬುಧವಾರ. ದೇಶಕ್ಕೆಲ್ಲ ಲಾಕ್‌ಡೌನ್ ಬಿದ್ದ ಮೊದಲ ದಿನವೂ ಅದೇ. ಹಿಂದಿನ ರಾತ್ರಿ ಪ್ರಧಾನಿಯವರ ಭಾಷಣ ಮುಗಿಯುವ ಹೊತ್ತಿಗೆ ಬೆಂಗಳೂರಿನ ದಿನಸಿ ಅಂಗಡಿಗಳ ಮುಂದೆ ಜನ ಸೇರಿದ್ದರು. ಬೆಳಿಗ್ಗೆ ಎದ್ದಾಗ ಟಿ.ವಿ.ಯಲ್ಲಿ ಇಟಲಿಯ ಸುದ್ದಿ ಇತ್ತು, ದೆಹಲಿಯ ಸುದ್ದಿ ಇತ್ತು, ಕಲಬುರಗಿಯಲ್ಲಿ ಮಾರ್ಚ್ 10ರಂದು ತೀರಿಕೊಂಡ ಹಿರಿಯರ ಸುದ್ದಿ ಆಗಲೇ ಎಲ್ಲರಿಗೂ ಗೊತ್ತಿತ್ತು. ಗೇಟಿನೊಳಗೆ ನಿಂತವರಿಗೆ ತಿಳಿಯಬೇಕಾಗಿದ್ದದ್ದು ಇನ್ನೂ ಹತ್ತಿರದ ಸಂಗತಿ. ನಂದಿನಿ ಬೂತು ಎಷ್ಟು ಹೊತ್ತಿಗೆ ತೆಗೆಯುತ್ತದೆ? ಕಸದ ಆಟೋ ಬರುತ್ತದೆಯೇ? ಡಯಾಲಿಸಿಸ್‌ಗೆ ಹೋಗಬೇಕಾದವರು ಪಾಸು ಯಾರ ಹತ್ತಿರ ಕೇಳಬೇಕು? ಎದುರು ಮನೆ ಬಾಗಿಲಿಗೆ ಅಂಟಿಸಿರುವ ಚೀಟಿಯ ಅರ್ಥವೇನು?

ಈ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲ ಒಂದು ಸಂಸ್ಥೆ ಕಾನೂನಿನ ಪುಸ್ತಕದಲ್ಲಿ ಇತ್ತು. ಅದೇ ವಾರ್ಡ್ ಸಮಿತಿ. ಬೆಂಗಳೂರಿನ 198 ವಾರ್ಡ್‌ಗಳಿಗೂ ಒಂದೊಂದು ಇರಬೇಕಾಗಿತ್ತು. ಕೋವಿಡ್ ಬಂದಾಗ ಅದಕ್ಕೆ ನಿಯಮವಿತ್ತು, ಸದಸ್ಯರ ಪಟ್ಟಿಯೂ ಇತ್ತು, ಕೆಲವು ಕಡೆ ಒಂದು ವರ್ಷಕ್ಕೂ ಹೆಚ್ಚಿನ ಅಭ್ಯಾಸವೂ ಇತ್ತು. ಸಾಂಕ್ರಾಮಿಕ ರೋಗದ ಕಾಲದಲ್ಲಿ ನೆರೆಹೊರೆಯ ಸಂಸ್ಥೆಯೊಂದು ಮಾಡಬೇಕಾದ ಮೊದಲ ಕೆಲಸ ನಂಬಿಕೆಗೆ ಅರ್ಹವಾದ ಸ್ಥಳೀಯ ಸುದ್ದಿಯನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸುವುದು; ಕಿಟ್ಟು, ಔಷಧಿ, ಹಾಸಿಗೆ ಎಲ್ಲವೂ ಆ ಸುದ್ದಿಯ ಹಿಂದೆ ಬರುತ್ತವೆ. ಈ ಲೇಖನ ಬೆಂಗಳೂರಿನ ವಾರ್ಡ್ ಸಮಿತಿಗಳ ಚರಿತ್ರೆಯನ್ನು ಆ ಕಣ್ಣಿನಿಂದ ನೋಡುತ್ತದೆ.

ವಾರ್ಡ್ ಎಂಬ ಏರ್ಪಾಡಿಗೂ ಸಾಂಕ್ರಾಮಿಕಕ್ಕೂ ನಮ್ಮ ಊರಿನಲ್ಲಿ ಹಳೆಯ ನಂಟಿದೆ. 1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿ ಪ್ಲೇಗು ಬೆಂಗಳೂರಿಗೆ ಬಂತು. ಆಗ ದಿವಾನರಾಗಿದ್ದವರು ಸರ್ ಕೆ. ಶೇಷಾದ್ರಿ ಅಯ್ಯರ್. ವಿ.ಪಿ. ಮಾಧವರಾಯರು ಪ್ಲೇಗ್ ಕಮಿಷನರ್ ಆದರು. ಊರಿಗೆ ಆರೋಗ್ಯಾಧಿಕಾರಿಯ ನೇಮಕವಾಯಿತು, ಕೆಲಸದ ಅನುಕೂಲಕ್ಕೆ ಊರನ್ನು ನಾಲ್ಕು ವಾರ್ಡ್‌ಗಳಾಗಿ ವಿಂಗಡಿಸಿದರು. ಬೆಂಗಳೂರಿನಲ್ಲಿ ಟೆಲಿಫೋನ್ ತಂತಿ ಎಳೆದದ್ದು ಪ್ಲೇಗಿನ ಕೆಲಸಕ್ಕಾಗಿ ಎಂಬುದನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಯಾವ ಬೀದಿಯಲ್ಲಿ ಇಲಿ ಬಿತ್ತು, ಯಾವ ಮನೆಯಲ್ಲಿ ಜ್ವರ ಬಂತು ಎಂಬ ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೇಗ ಮುಟ್ಟದಿದ್ದರೆ ಉಳಿದ ಯಾವ ಏರ್ಪಾಡೂ ನಡೆಯದು ಎಂದು ಆಗಿನ ಆಡಳಿತಕ್ಕೆ ಅರ್ಥವಾಗಿತ್ತು. ಇಕ್ಕಟ್ಟಿನ ಪೇಟೆಯಿಂದ ಹೊರಗೆ ಮಲ್ಲೇಶ್ವರ, ಬಸವನಗುಡಿಗಳು ತುಂಬಿಕೊಂಡದ್ದು, ಗಾಳಿ ಬೆಳಕು ಬರುವಂತೆ ಮನೆ ಕಟ್ಟಬೇಕೆಂಬ ಕಟ್ಟಳೆ ಬಂದದ್ದು, ಮನೆಗಳ ಹಿಂದೆ ಕನ್ಸರ್‌ವೆನ್ಸಿ ಗಲ್ಲಿಗಳು ಇರುವುದು, 1900ರಲ್ಲಿ ಲಾರ್ಡ್ ಕರ್ಜನ್ ವಿಕ್ಟೋರಿಯಾ ಆಸ್ಪತ್ರೆಯನ್ನು ಉದ್ಘಾಟಿಸಿದ್ದು, ಇವೆಲ್ಲ ಆ ಕಾಲಕ್ಕೆ ಸೇರಿದ ಮಾತುಗಳು. ಹಳೆಯ ಬಡಾವಣೆಗಳ ಮೂಲೆಯಲ್ಲಿರುವ ಪ್ಲೇಗ್ ಮಾರಮ್ಮನ ಗುಡಿಗಳನ್ನೂ ಅದೇ ಚರಿತ್ರೆಯ ದಾಖಲೆ ಎಂದು ಓದಬೇಕು.

ಆ ಏರ್ಪಾಡಿನಲ್ಲಿ ಸುದ್ದಿ ಒಂದೇ ದಿಕ್ಕಿಗೆ ಹರಿಯುತ್ತಿತ್ತು. ಬೀದಿಯ ಸಂಗತಿ ಅಧಿಕಾರಿಗೆ ಹೋಗುತ್ತಿತ್ತು. ಅಧಿಕಾರಿಯ ಆಜ್ಞೆ ಬೀದಿಗೆ ಬರುತ್ತಿತ್ತು. ಕಾರಣ ಹೇಳುವವರಿರಲಿಲ್ಲ, ಕೇಳಲು ಜಾಗವಿರಲಿಲ್ಲ. ಪ್ಲೇಗ್ ಕ್ಯಾಂಪಿಗೆ ಎಳೆದೊಯ್ಯುತ್ತಾರೆಂದು ಹೆದರಿ ಜನ ರೋಗಿಗಳನ್ನು ಬಚ್ಚಿಟ್ಟರು, ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಈ ಭಯವೇ 2020ರಲ್ಲಿ ಮತ್ತೆ ಕಾಣಿಸಿಕೊಂಡಿತು.

ನಡುವಿನ ಚರಿತ್ರೆಯನ್ನು ಚಿಕ್ಕದಾಗಿ ಹೇಳಬಹುದು. 1862ರಲ್ಲಿ ಬೆಂಗಳೂರಿಗೆ ಪುರಸಭೆಯ ಆಡಳಿತ ಬಂತು. ಪೇಟೆಗೊಂದು, ದಂಡಿಗೊಂದು ಎಂದು ಬೇರೆ ಬೇರೆಯಾಗಿದ್ದ ಎರಡು ಆಡಳಿತಗಳು 1949ರಲ್ಲಿ ಸೇರಿ ಕಾರ್ಪೊರೇಷನ್ ಆದವು. ನಗರ ದೊಡ್ಡದಾದಷ್ಟೂ ಕಾರ್ಪೊರೇಟರ್ ಮತ್ತು ಬೀದಿಯ ನಡುವಿನ ದೂರವೂ ದೊಡ್ಡದಾಯಿತು. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಲೇಬೇಕು ಎಂದು 243ಎಸ್ ವಿಧಿಯಲ್ಲಿ ಹೇಳಿತು. ಕರ್ನಾಟಕದಲ್ಲಿ ಮೊದಲು ಆದದ್ದು ಹಲವು ವಾರ್ಡ್‌ಗಳನ್ನು ಕೂಡಿಸಿ ಒಂದು ಸಮಿತಿ ಮಾಡುವ ಪ್ರಯೋಗ. ಅದು ಬೀದಿಯವರೆಗೆ ಇಳಿಯಲಿಲ್ಲ. 2007ರಲ್ಲಿ ಸುತ್ತಲಿನ ನಗರಸಭೆಗಳನ್ನೂ 110 ಹಳ್ಳಿಗಳನ್ನೂ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹುಟ್ಟಿತು. 2011ರ ತಿದ್ದುಪಡಿ ಪ್ರತಿ ವಾರ್ಡ್‌ಗೂ ಒಂದು ಸಮಿತಿ, ಅದರ ಕೆಳಗೆ ಏರಿಯಾ ಸಭೆ ಎಂಬ ಚೌಕಟ್ಟು ಕೊಟ್ಟಿತು. ನಿಯಮಗಳು ಬರಲು 2016 ಆಯಿತು.

ಈ ಸಮಿತಿಯ ರಚನೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಮುಂದಿನ ಕಥೆಗೆ ಅದು ಬೇಕು. ಕಾರ್ಪೊರೇಟರ್ ಅಧ್ಯಕ್ಷರು. ಅವರ ಜೊತೆ ಹತ್ತು ಸದಸ್ಯರು. ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನೋಂದಾಯಿತ ನಿವಾಸಿಗಳ ಸಂಘಗಳಿಂದ ಬಂದವರು. ತಿಂಗಳಿಗೊಮ್ಮೆಯಾದರೂ ಸಭೆ. ಸದಸ್ಯರು ಚುನಾಯಿತರಲ್ಲ, ನಾಮನಿರ್ದೇಶನಗೊಂಡವರು. ಬಾಡಿಗೆದಾರರಿಗೆ, ಊರಿಗೆ ದುಡಿಯಲು ಬಂದವರಿಗೆ, ಕಟ್ಟಡ ಕೆಲಸದ ಶೆಡ್ಡುಗಳಲ್ಲಿ ಇರುವವರಿಗೆ ಇಲ್ಲಿ ಮೀಸಲಾದ ಕುರ್ಚಿ ಇರಲಿಲ್ಲ. ಸಮಿತಿಯ ಕಿವಿ ಯಾರ ಕಡೆ ಇರುತ್ತದೆ, ಯಾರ ಕಡೆ ಇರುವುದಿಲ್ಲ ಎಂಬುದು ಈ ಪಟ್ಟಿಯಲ್ಲೇ ನಿರ್ಧಾರವಾಗಿತ್ತು ಎಂದು ನನಗೆ ಅನ್ನಿಸುತ್ತದೆ.

ಕಾನೂನಿನ ಸಮಿತಿಯನ್ನು ಸಭೆಯ ಕೋಣೆಗೆ ತಂದವರು ನಾಗರಿಕರು ಮತ್ತು ನ್ಯಾಯಾಲಯ. ತ್ಯಾಜ್ಯ ನಿರ್ವಹಣೆಯ ಮೊಕದ್ದಮೆಯಲ್ಲಿ ಕರ್ನಾಟಕ ಹೈಕೋರ್ಟು ವಾರ್ಡ್ ಸಮಿತಿ ರಚಿಸಿ ಎಂದು ಬಿಗಿಯಾಗಿ ಹೇಳಿತು. ಕಾತ್ಯಾಯಿನಿ ಚಾಮರಾಜ್ ಅವರ ಸಿವಿಕ್ ಸಂಸ್ಥೆ ಈ ವಿಷಯವನ್ನು ಬಹಳ ಹಿಂದಿನಿಂದ ಹಿಡಿದು ಕುಳಿತಿತ್ತು. ಜನಾಗ್ರಹ ಸಂಸ್ಥೆಯೂ ಸೇರಿಕೊಂಡಿತು. 2016ರಲ್ಲಿ ಉಕ್ಕಿನ ಮೇಲುಸೇತುವೆಯ ವಿರುದ್ಧ ಮಾನವ ಸರಪಳಿ ಕಟ್ಟಿದ ಸಿಟಿಜನ್ಸ್ ಫಾರ್ ಬೆಂಗಳೂರು, ಆ ಯೋಜನೆ ಕೈಬಿಟ್ಟ ಮೇಲೆ ‘ವಾರ್ಡ್ ಸಮಿತಿ ಬೇಕು’ ಎಂಬ ಕೂಗನ್ನು ಎತ್ತಿಕೊಂಡಿತು. 2018ರ ಡಿಸೆಂಬರ್ ಹೊತ್ತಿಗೆ ತಿಂಗಳ ಮೊದಲ ಶನಿವಾರ ವಾರ್ಡ್ ಸಮಿತಿ ಸಭೆ ಎಂಬ ಒಪ್ಪಂದವಾಯಿತು. ಎಲ್ಲ ವಾರ್ಡ್‌ಗಳಲ್ಲೂ ನಡೆಯಿತೆಂದಲ್ಲ. ನಡೆದ ಕಡೆ, ಎಂಜಿನಿಯರ್, ಹೆಲ್ತ್ ಇನ್‌ಸ್ಪೆಕ್ಟರ್, ಜಲಮಂಡಳಿಯವರು, ಬೆಸ್ಕಾಂನವರು ಒಂದೇ ಮೇಜಿನ ಸುತ್ತ ಕುಳಿತು, ಚರಂಡಿಯ ಬಗ್ಗೆ ಕೇಳಿದವರಿಗೆ ಮುಖ ಕೊಟ್ಟು ಮಾತಾಡಿದರು. ಬೆಂಗಳೂರಿನಂಥ ಊರಿಗೆ ಅದು ದೊಡ್ಡ ಮಾತು.

ಹೀಗೆ ಅಂಬೆಗಾಲಿಡುತ್ತಿದ್ದ ಸಂಸ್ಥೆಯ ಮೇಲೆ ಕೋವಿಡ್ ಬಿತ್ತು. 2020ರ ಮಾರ್ಚ್ 9ರಂದು ರಾಜ್ಯದ ಮೊದಲ ಪ್ರಕರಣ, ಅಮೆರಿಕದಿಂದ ಬೆಂಗಳೂರಿಗೆ ಮರಳಿದ ಸಾಫ್ಟ್‌ವೇರ್ ಉದ್ಯೋಗಿಯದು, ಪ್ರಕಟವಾಯಿತು. ಮೊದಲ ತಿಂಗಳುಗಳಲ್ಲಿ ಆರೋಗ್ಯ ಇಲಾಖೆಯ ದಿನದ ಪ್ರಕಟಣೆಯಲ್ಲಿ ಪ್ರತಿ ರೋಗಿಗೂ ಒಂದು ‘ಪಿ’ ನಂಬರ್. ಯಾರಿಂದ ಯಾರಿಗೆ ಬಂತು ಎಂಬುದು ಆ ನಂಬರುಗಳ ಸರಣಿಯಲ್ಲಿ ತಿಳಿಯುತ್ತಿತ್ತು. ಪಾಲಿಕೆಯ ವಾರ್‌ರೂಮ್ ಪ್ರತಿದಿನ ವಾರ್ಡ್‌ವಾರು ನಕ್ಷೆ ಹೊರಡಿಸುತ್ತಿತ್ತು. ಇವು ಒಳ್ಳೆಯ ಕೆಲಸಗಳು. ದೇಶದ ಹಲವು ನಗರಗಳಲ್ಲಿ ಇಷ್ಟೂ ಇರಲಿಲ್ಲ. ಆದರೆ ವಾರ್ಡ್ ಎಂದರೆ ಹಲವು ಹತ್ತು ಸಾವಿರ ಜನ. ‘ನಿಮ್ಮ ವಾರ್ಡಿನಲ್ಲಿ ಇಷ್ಟು ಪಾಸಿಟಿವ್’ ಎಂಬ ಸಾಲು ಓದಿದವರಿಗೆ ಹೆಚ್ಚಿದ್ದು ಹೆದರಿಕೆ. ಏನು ಮಾಡಬೇಕು, ಏನು ಮಾಡಬಾರದು ಎಂಬುದು ಅದರಿಂದ ತಿಳಿಯುತ್ತಿರಲಿಲ್ಲ.

ಆ ಖಾಲಿ ಜಾಗವನ್ನು ವದಂತಿ ತುಂಬಿತು. ವಿದೇಶದಿಂದ ಬಂದವರ ಕೈಗೆ ಅಳಿಸದ ಶಾಯಿಯ ಮುದ್ರೆ, ಮನೆಗೆ ಕ್ವಾರಂಟೈನ್ ಚೀಟಿ. ಮಾರ್ಚ್ ಕೊನೆಯ ವಾರದಲ್ಲಿ ಸರ್ಕಾರ ಮನೆಯಲ್ಲಿ ಪ್ರತ್ಯೇಕವಾಸದಲ್ಲಿದ್ದವರ ವಿಳಾಸಗಳ ಪಟ್ಟಿಯನ್ನೇ ಬಹಿರಂಗ ಮಾಡಿತು. ಆ ಪಟ್ಟಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಮನೆ ಮಾಲೀಕರು ಬಾಡಿಗೆದಾರರನ್ನು ಖಾಲಿ ಮಾಡಿ ಎಂದರು. ಆಸ್ಪತ್ರೆಯಲ್ಲಿ ದುಡಿದು ಬಂದ ನರ್ಸುಗಳಿಗೆ ಲಿಫ್ಟು ಹತ್ತಬೇಡಿ ಎಂದ ಅಪಾರ್ಟ್‌ಮೆಂಟುಗಳೂ ಇದ್ದವು. ನೆರೆಯವರಿಗೆ ನಿಜ ತಿಳಿಸುವುದು ಒಂದು ಕೆಲಸ, ನೆರೆಯವರ ಗುಟ್ಟನ್ನು ಊರಿಗೆ ಹರಡುವುದು ಇನ್ನೊಂದು. ಎರಡರ ನಡುವೆ ಗೆರೆ ಎಳೆಯಬಲ್ಲವರು ಆ ಬೀದಿಯನ್ನು ಬಲ್ಲವರು ಮಾತ್ರ. ರೋಗಿಯ ಮನೆಗೆ ಯಾರು ಹೋಗಿ ಮಾತಾಡಬೇಕು, ಪಕ್ಕದ ಮನೆಗೆ ಎಷ್ಟು ಹೇಳಬೇಕು, ಮಕ್ಕಳಿಗೆ ಹಾಲು ಯಾರು ತಂದಿಡಬೇಕು ಎಂಬುದನ್ನು ವಿಧಾನಸೌಧದಲ್ಲಿ ಕುಳಿತು ತೀರ್ಮಾನಿಸಲಾಗದು.

ಸೀಲ್‌ಡೌನ್ ಎಂಬ ಹೊಸ ಮಾತು ಏಪ್ರಿಲ್‌ನಲ್ಲಿ ಬಂತು. ಪಾದರಾಯನಪುರ, ಬಾಪೂಜಿನಗರ ವಾರ್ಡ್‌ಗಳನ್ನು ಪೂರ್ತಿ ಮುಚ್ಚಿದರು. ಆಮೇಲೆ ಬೀದಿ, ಕಟ್ಟಡ, ಕೊನೆಗೆ ಒಂದೊಂದು ಮನೆ. ಜುಲೈನಲ್ಲಿ ದೊಮ್ಮಲೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿ ಎರಡು ಮನೆಗಳ ಬಾಗಿಲಿಗೆ ತಗಡು ಹೊಡೆದದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಪಾಲಿಕೆ ಆಯುಕ್ತರೇ ಕ್ಷಮೆ ಕೇಳಿ ತೆಗೆಸಿದರು. ತಗಡು ಹೊಡೆದ ಕೆಲಸಗಾರನಿಗೂ ಒಳಗಿದ್ದವರಿಗೂ ನಡುವೆ, ‘ತಡೆಯಪ್ಪಾ, ಒಳಗೆ ಜನ ಇದ್ದಾರೆ’ ಎನ್ನುವ ಒಬ್ಬ ವಾರ್ಡಿನ ಮನುಷ್ಯ ನಿಂತಿದ್ದರೆ ಅದು ಆಗುತ್ತಿರಲಿಲ್ಲ.

ಮೊದಲ ಶನಿವಾರದ ಸಭೆಗಳು ಹೆಚ್ಚಿನ ಕಡೆ ನಿಂತುಹೋದವು. ಗುಂಪು ಸೇರಬಾರದೆಂಬ ಆಜ್ಞೆ ಇತ್ತು, ಸಭೆ ಸೇರದೆ ಸಮಿತಿ ಹೇಗೆ ನಡೆಯಬೇಕು ಎಂಬುದನ್ನು ನಿಯಮ ಬರೆದವರು ಯೋಚಿಸಿರಲಿಲ್ಲ. ಕೆಲವು ವಾರ್ಡ್‌ಗಳು ಜೂಮ್ ಹಿಡಿದವು. ಇದರಲ್ಲಿ ಒಂದು ಲಾಭವೂ ಆಯಿತು: ವಯಸ್ಸಾದವರು, ಸಂಜೆ ಅಡುಗೆಮನೆ ಬಿಟ್ಟು ಬರಲಾಗದ ಹೆಂಗಸರು ಮನೆಯಿಂದಲೇ ಸಭೆಗೆ ಕಿವಿಗೊಟ್ಟರು. ನಷ್ಟವೂ ಆಯಿತು: ಸ್ಮಾರ್ಟ್‌ಫೋನ್ ಇಲ್ಲದ ಪೌರಕಾರ್ಮಿಕ ಮಹಿಳೆ, ಕೊಳೆಗೇರಿಯ ಸದಸ್ಯ ಹೊರಗೆ ಉಳಿದರು. ಅವರಿಗೆ ಸುದ್ದಿ ಮುಟ್ಟಿದ್ದು ಆಟೋಗೆ ಕಟ್ಟಿದ ಮೈಕಿನಿಂದ, ಮಸೀದಿ ದೇವಸ್ಥಾನಗಳ ಧ್ವನಿವರ್ಧಕದಿಂದ, ಎಲ್ಲಕ್ಕಿಂತ ಹೆಚ್ಚಾಗಿ ಆಶಾ ಕಾರ್ಯಕರ್ತೆಯರ ಬಾಯಿಂದ. ಮನೆ ಮನೆಗೆ ಹೋಗಿ ಜ್ವರ ಕೆಮ್ಮು ವಿಚಾರಿಸಿ ಬರೆದುಕೊಂಡ ಈ ಹೆಣ್ಣುಮಕ್ಕಳು ಗೌರವಧನ ಹೆಚ್ಚಿಸಿ, ರಕ್ಷಣಾ ಸಾಮಗ್ರಿ ಕೊಡಿ ಎಂದು 2020ರ ಜುಲೈನಲ್ಲಿ ರಾಜ್ಯದಾದ್ಯಂತ ಕೆಲಸ ನಿಲ್ಲಿಸಬೇಕಾಗಿ ಬಂದದ್ದು ನಾವೆಲ್ಲ ತಲೆತಗ್ಗಿಸಬೇಕಾದ ಸಂಗತಿ. ವಾರ್ಡ್ ಸಮಿತಿಯ ಮೇಜಿನಲ್ಲಿ ಅವರಿಗೆ ಖಾಯಂ ಕುರ್ಚಿ ಬೇಕು ಎಂದು ನಾನು ಅಂದೂ ಹೇಳಿದ್ದೆ, ಇಂದೂ ಹೇಳುತ್ತೇನೆ.

ಊಟದ ವಿಷಯದಲ್ಲಿ ನಗರ ದೊಡ್ಡ ಮನಸ್ಸು ತೋರಿಸಿತು. ಇಂದಿರಾ ಕ್ಯಾಂಟೀನುಗಳು, ಮಾರಾಟವಾಗದೆ ಉಳಿದ ನಂದಿನಿ ಹಾಲನ್ನು ಸರ್ಕಾರ ಕೊಂಡು ಬಡವರಿಗೆ ಹಂಚಿದ್ದು, ಗುರುದ್ವಾರ, ಮಠ, ಮಸೀದಿ, ಚರ್ಚುಗಳ ಅಡುಗೆಮನೆಗಳು, ಸಂಘಗಳು ಕಟ್ಟಿದ ದಿನಸಿ ಕಿಟ್ಟುಗಳು. ಎಲ್ಲಿ ಎಷ್ಟು ಬೇಕು ಎಂಬ ಪಟ್ಟಿ ಮಾತ್ರ ಯಾರ ಹತ್ತಿರವೂ ಸರಿಯಾಗಿ ಇರಲಿಲ್ಲ. ಒಂದೇ ಬೀದಿಗೆ ಮೂರು ಸಂಘಗಳ ಕಿಟ್ಟು ಬಂದರೆ, ಎರಡು ಬೀದಿ ಆಚೆಯ ಶೆಡ್ಡುಗಳಿಗೆ ಒಂದೂ ಬರಲಿಲ್ಲ. ಅಲ್ಲಿದ್ದವರಿಗೆ ಇಲ್ಲಿನ ಪಡಿತರ ಚೀಟಿ ಇಲ್ಲ, ಓಟು ಇಲ್ಲ, ಹಲವರಿಗೆ ಕನ್ನಡವೂ ಬರುತ್ತಿರಲಿಲ್ಲ. ಊರಿಗೆ ಹೋಗಲು ಸರ್ಕಾರದ ಸೇವಾ ಸಿಂಧು ಪೋರ್ಟಲ್ಲಿನಲ್ಲಿ ಹೆಸರು ನೋಂದಾಯಿಸಬೇಕು ಎಂಬ ಸುದ್ದಿ ಅವರಿಗೆ ಯಾವ ಭಾಷೆಯಲ್ಲಿ, ಯಾರಿಂದ ತಲುಪಬೇಕಾಗಿತ್ತು? ಮೇ ತಿಂಗಳ ಮೊದಲ ವಾರ ಶ್ರಮಿಕ ರೈಲುಗಳು ಹೊರಟು, ನಿಂತು, ಮತ್ತೆ ಹೊರಡುವಾಗ ರಸ್ತೆಗಳಲ್ಲಿ ಗಂಟುಮೂಟೆ ಹೊತ್ತು ನಡೆದವರನ್ನು ನೋಡಿದ ಯಾರೂ ಈ ಪ್ರಶ್ನೆಯನ್ನು ಮರೆಯಲಾರರು. ಸಮಿತಿಗಳು ಚೆನ್ನಾಗಿ ದುಡಿದ ವಾರ್ಡ್‌ಗಳಲ್ಲೂ ಈ ಜನ ಪಟ್ಟಿಯ ಹೊರಗಿದ್ದರು.

ಜುಲೈ 14ರಿಂದ 22ರವರೆಗೆ ಬೆಂಗಳೂರಿಗೆ ಮತ್ತೊಂದು ಲಾಕ್‌ಡೌನ್ ಬಂತು. ಅದೇ ಹೊತ್ತಿಗೆ ಸರ್ಕಾರ ಎಂಟು ಸಾವಿರಕ್ಕೂ ಹೆಚ್ಚು ಮತಗಟ್ಟೆಗಳ ಲೆಕ್ಕದಲ್ಲಿ ಬೂತ್ ಮಟ್ಟದ ಸಮಿತಿಗಳನ್ನು ರಚಿಸುವುದಾಗಿ ಹೇಳಿತು. ಆಲೋಚನೆ ಒಳ್ಳೆಯದು, ಒಂದು ಬೂತಿನ ವ್ಯಾಪ್ತಿ ಎಂದರೆ ಎರಡು ಮೂರು ಬೀದಿ, ಮುಖಪರಿಚಯ ಇರುವ ಜನ. ಇದ್ದ ವಾರ್ಡ್ ಸಮಿತಿಯ ಕೆಳಗೆ ಏರಿಯಾ ಸಭೆಯಾಗಿ ಅದನ್ನು ಬೆಳೆಸಬಹುದಾಗಿತ್ತು. ಹಾಗಾಗದೆ, ಅದು ಪಕ್ಕದಲ್ಲಿ ಇನ್ನೊಂದು ಸಮಿತಿಯಾಗಿ ಹುಟ್ಟಿ, ಅಲೆ ಇಳಿದಾಗ ಮಾಯವಾಯಿತು. ಪ್ರತಿ ಸಂಕಟಕ್ಕೂ ಹೊಸ ಸಮಿತಿ ಹುಟ್ಟಿಸಿ, ಸಂಕಟ ಮುಗಿದೊಡನೆ ಅದನ್ನು ಕೈಬಿಡುವ ಈ ಅಭ್ಯಾಸದಿಂದ ನಮ್ಮ ನಗರ ಏನನ್ನೂ ಉಳಿಸಿಕೊಳ್ಳುತ್ತಿಲ್ಲ.

ಸೆಪ್ಟೆಂಬರ್ 10ಕ್ಕೆ ಪಾಲಿಕೆಯ ಚುನಾಯಿತ ಕೌನ್ಸಿಲಿನ ಅವಧಿ ಮುಗಿಯಿತು. ಆಡಳಿತಾಧಿಕಾರಿ ಬಂದರು. ಕಾರ್ಪೊರೇಟರ್ ಇಲ್ಲದ ವಾರ್ಡ್ ಸಮಿತಿಗೆ ಅಧ್ಯಕ್ಷರು ಯಾರು ಎಂಬ ಪ್ರಶ್ನೆಗೆ ಉತ್ತರವಾಗಿ ಪ್ರತಿ ವಾರ್ಡ್‌ಗೂ ನೋಡಲ್ ಅಧಿಕಾರಿಯನ್ನು ನೇಮಿಸಿದರು. ಹೊಸ ಬಿಬಿಎಂಪಿ ಕಾಯ್ದೆ 2021ರ ಜನವರಿ 11ರಂದು ಜಾರಿಗೆ ಬಂತು. ಚುನಾವಣೆ ಬರಲಿಲ್ಲ. ಹೀಗಾಗಿ ಎರಡನೇ ಅಲೆ ಬೆಂಗಳೂರಿಗೆ ಅಪ್ಪಳಿಸಿದಾಗ, ಬಾಗಿಲು ತಟ್ಟಿ ಬೈಯಲು, ಬೇಡಲು, ಅಳಲು ಒಬ್ಬ ಕಾರ್ಪೊರೇಟರ್ ಕೂಡ ಅಧಿಕಾರದಲ್ಲಿ ಇರಲಿಲ್ಲ. ಮಾಜಿ ಕಾರ್ಪೊರೇಟರುಗಳಲ್ಲಿ ಹಲವರು ಅಧಿಕಾರವಿಲ್ಲದೆಯೂ ಓಡಾಡಿದರು ಎಂಬುದನ್ನು ಈ ಸಂಚಿಕೆಯಲ್ಲಿ ದಾಖಲಿಸಲೇಬೇಕು.

ಎರಡನೇ ಅಲೆಯ ಬಗ್ಗೆ ಬರೆಯುವುದು ಈಗಲೂ ಕಷ್ಟ. 2021ರ ಏಪ್ರಿಲ್ 27ರ ರಾತ್ರಿ ಲಾಕ್‌ಡೌನ್. ಏಪ್ರಿಲ್ 30ರಂದು ಬೆಂಗಳೂರಿನಲ್ಲಿ ಒಂದೇ ದಿನಕ್ಕೆ 26,756 ಹೊಸ ಪ್ರಕರಣ. ಆಸ್ಪತ್ರೆಯ ಹಾಸಿಗೆ ಬೇಕಾದರೆ ರೋಗಿಯ ಗುರುತಿಗೆ ಕೊಡುತ್ತಿದ್ದ ಬಿಯು ನಂಬರ್ ಬೇಕು. ನಂಬರ್ ಬರಬೇಕಾದರೆ ಲ್ಯಾಬಿನ ಫಲಿತಾಂಶ ಪೋರ್ಟಲ್ಲಿಗೆ ಏರಬೇಕು. ಅಷ್ಟರಲ್ಲಿ ಉಸಿರು ಕಟ್ಟುತ್ತಿತ್ತು. ಆ ವಾರಗಳಲ್ಲಿ ಮನೆಯವರು ಹುಡುಕಿದ್ದೆಲ್ಲ ಸುದ್ದಿಯನ್ನೇ: ಎಲ್ಲಿ ಹಾಸಿಗೆ ಇದೆ, ಎಲ್ಲಿ ಆಮ್ಲಜನಕದ ಸಿಲಿಂಡರ್ ತುಂಬಿಸುತ್ತಾರೆ, ಯಾವ ಚಿತಾಗಾರದಲ್ಲಿ ಸರದಿ ಚಿಕ್ಕದಿದೆ. ಗಿಡ್ಡೇನಹಳ್ಳಿ, ತಾವರೆಕೆರೆಗಳಲ್ಲಿ ಬಯಲಿನಲ್ಲೇ ಚಿತೆ ಒಟ್ಟುವ ಏರ್ಪಾಡು ಮಾಡಬೇಕಾಯಿತು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿದ ಫೋನ್ ನಂಬರುಗಳಲ್ಲಿ ಎಷ್ಟೋ ಉತ್ತರಿಸುತ್ತಿರಲಿಲ್ಲ. ಆಗ ಹಲವು ಬಡಾವಣೆಗಳಲ್ಲಿ ಕೆಲವು ಹುಡುಗರು, ಹುಡುಗಿಯರು ಒಂದು ಕೆಲಸ ಹಿಡಿದರು. ಬಂದ ಪ್ರತಿ ನಂಬರಿಗೂ ತಾವೇ ಫೋನ್ ಮಾಡಿ, ನಿಜವೋ ಸುಳ್ಳೋ ನೋಡಿ, ಎಷ್ಟು ಗಂಟೆಗೆ ವಿಚಾರಿಸಿದ್ದು ಎಂದು ಪಕ್ಕದಲ್ಲಿ ಬರೆದು ಮುಂದೆ ಕಳಿಸಿದರು. ಹೊತ್ತು ನಮೂದಿಸಿದ ಆ ಒಂದು ಸಾಲು ಎಷ್ಟು ಮನೆಗಳಿಗೆ ದಿಕ್ಕು ತೋರಿಸಿತೋ! ವಾರ್ಡ್ ಸಮಿತಿ ಎಂಬ ಸಂಸ್ಥೆ ಮಾಡಬೇಕಾದದ್ದನ್ನು ಅಕ್ಷರಶಃ ಅವರು ಮಾಡಿದರು.

ಮೇ ತಿಂಗಳಲ್ಲಿ ಪಾಲಿಕೆ ವಾರ್ಡ್ ಮಟ್ಟದ ಕೋವಿಡ್ ಸಮಿತಿಗಳಿಗೆ ಆದೇಶ ಹೊರಡಿಸಿತು. ನೋಡಲ್ ಅಧಿಕಾರಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಸ್ವಯಂಸೇವಕರು ಸೇರಿ, ಯಾರು ಮನೆಯಲ್ಲೇ ಇರಬಹುದು, ಯಾರನ್ನು ಕೋವಿಡ್ ಕೇರ್ ಸೆಂಟರಿಗೆ ಕಳಿಸಬೇಕು, ಯಾರಿಗೆ ಈಗಲೇ ಆಸ್ಪತ್ರೆ ಬೇಕು ಎಂದು ವಿಂಗಡಿಸುವ ಕೆಲಸ. ಆಗಲೇ ಸಭೆಯ ಪದ್ಧತಿ ಇದ್ದ ವಾರ್ಡ್‌ಗಳಲ್ಲಿ ಇದು ಬೇಗ ಕೂಡಿಬಂತು, ಏಕೆಂದರೆ ವೈದ್ಯರಿಗೂ ಸಂಘದ ಕಾರ್ಯದರ್ಶಿಗೂ ಮೊದಲ ಶನಿವಾರಗಳ ಪರಿಚಯವಿತ್ತು. ಸಭೆಗಳು ಕಾಗದದ ಮೇಲಷ್ಟೇ ನಡೆದಿದ್ದ ಕಡೆ ಆದೇಶವೂ ಕಾಗದದ ಮೇಲೆಯೇ ಉಳಿಯಿತು. ಈ ಎರಡರ ವ್ಯತ್ಯಾಸವನ್ನು ನಾನು ವಾರ್ಡ್ ಸಮಿತಿಗಳ ಪರವಾದ ಅತಿ ಗಟ್ಟಿಯಾದ ಸಾಕ್ಷಿ ಎಂದು ಭಾವಿಸುತ್ತೇನೆ.

ಲಸಿಕೆಯ ಕಾಲದಲ್ಲಿ ಸುದ್ದಿಯ ಕೆಲಸ ಮತ್ತೆ ಬದಲಾಯಿತು. 60 ದಾಟಿದವರಿಗೆ 2021ರ ಮಾರ್ಚ್ 1ರಿಂದ, 45 ದಾಟಿದವರಿಗೆ ಏಪ್ರಿಲ್ 1ರಿಂದ. ಆ್ಯಪಿನಲ್ಲಿ ಹೆಸರು ಹಾಕಿ ಹೊತ್ತು ಕಾಯ್ದಿರಿಸಬಲ್ಲವರು ಮೊದಲು ಹೋದರು. ಉಳಿದವರಿಗೆ ಬೇಕಾದದ್ದು ಅಂಗನವಾಡಿಯ ಗೋಡೆಗೆ ಹಚ್ಚಿದ ಒಂದು ಹಾಳೆ: ನಾಳೆ ಇಲ್ಲಿ ಲಸಿಕೆ, ಎಷ್ಟು ಗಂಟೆಗೆ, ಏನು ತರಬೇಕು. ಜ್ವರ ಬಂದರೆ ಹೆದರಬೇಡಿ ಎಂದು ಪಕ್ಕದ ಬೀದಿಯ ಡಾಕ್ಟರೇ ಬಾಯಿಬಿಟ್ಟು ಹೇಳಿದ ಮಾತು ದೊಡ್ಡ ದೊಡ್ಡ ಜಾಹೀರಾತುಗಳಿಗಿಂತ ಹೆಚ್ಚು ಜನರನ್ನು ಸರದಿಗೆ ಕರೆತಂದಿತು.

ಆಮೇಲಿನ ವರ್ಷಗಳ ಕಥೆ ಚಿಕ್ಕದು. ಪಾಲಿಕೆ ಚುನಾವಣೆ ಮುಂದಕ್ಕೆ ಹೋಗುತ್ತಲೇ ಬಂತು. ವಾರ್ಡ್ ಗಡಿಗಳು 243, ಬಳಿಕ 225 ಎಂದು ಎರಡು ಬಾರಿ ಬದಲಾದವು. ಗಡಿ ಬದಲಾದಂತೆ ಸಮಿತಿಗಳ ಗುರುತೂ ಮಸುಕಾಯಿತು. 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯ ಪ್ರಕಾರ 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಿವೆ. ಹೊಸ ಕಾಯ್ದೆಯಲ್ಲೂ ವಾರ್ಡ್ ಸಮಿತಿ ಇದೆ. ಅದರ ಕೆಲಸಗಳ ಪಟ್ಟಿಯಲ್ಲಿ ರೋಗದ ಕಾಲದಲ್ಲಿ ಬೀದಿಗೆ ಸುದ್ದಿ ಮುಟ್ಟಿಸುವುದನ್ನು ಸ್ಪಷ್ಟವಾಗಿ ಬರೆಯಬೇಕು, ಸಭೆ ಸೇರಲಾಗದ ದಿನಗಳಲ್ಲಿ ಫೋನಿನಲ್ಲೋ ಪರದೆಯ ಮೇಲೋ ಸಭೆ ನಡೆಸುವ ಅಧಿಕಾರ ಕೊಡಬೇಕು, ಬಾಡಿಗೆದಾರರಿಗೂ ವಲಸೆ ಕಾರ್ಮಿಕರಿಗೂ ಆಶಾ ಕಾರ್ಯಕರ್ತೆಯರಿಗೂ ಜಾಗ ಮೀಸಲಿಡಬೇಕು. ನಿಯಮಾವಳಿ ರೂಪಿಸುವವರ ಮುಂದೆ ಈ ಮೂರನ್ನು ಇಡಲು ಇದಕ್ಕಿಂತ ಸರಿಯಾದ ಹೊತ್ತು ಸಿಗದು.

ಇನ್ನೊಂದು ಕೆಲಸ ನಮ್ಮದೇ ಕೈಯಲ್ಲಿದೆ. ಪ್ಲೇಗಿನ ಕಾಲದ ಬೆಂಗಳೂರನ್ನು ನಾವಿಂದು ಅಧಿಕಾರಿಗಳ ವರದಿಗಳಿಂದ ಬಲ್ಲೆವು. ಬೀದಿಯ ಜನ ಪರಸ್ಪರ ಏನು ಹೇಳಿಕೊಂಡರು ಎಂಬುದಕ್ಕೆ ಗುಡಿಗಳನ್ನೂ ಅಜ್ಜಿಯರ ಮಾತನ್ನೂ ಬಿಟ್ಟರೆ ಹೆಚ್ಚೇನೂ ಉಳಿದಿಲ್ಲ. ಕೋವಿಡ್ ಕಾಲದ ಕಾಗದಗಳು ಇನ್ನೂ ಮನೆಗಳಲ್ಲಿವೆ. 2020 ಮತ್ತು 2021ರ ವಾರ್ಡ್ ಸಮಿತಿ ಸಭೆಗಳ ನಡವಳಿ, ಕಂಬಕ್ಕೆ ಅಂಟಿಸಿದ ಸೂಚನೆ, ಕಿಟ್ಟು ಹಂಚಿದ ಕೈಬರಹದ ಪಟ್ಟಿ, ಸ್ವಯಂಸೇವಕರು ಹೊತ್ತು ಬರೆದು ಕಳಿಸಿದ ಸಂದೇಶ, ಆಟೋ ಮೈಕಿನಲ್ಲಿ ಕೂಗಿದ ಮಾತಿನ ಚೀಟಿ ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದರೆ ಸಂಚಿಕೆಯ ಸಂಪಾದಕರಿಗೆ ತಲುಪಿಸಿ. ರೋಗಿಗಳ ಹೆಸರು, ವಿಳಾಸ ಮರೆಮಾಡಿ, ವಾರ್ಡಿನ ಹಳೆಯ ಸಂಖ್ಯೆಯನ್ನೂ ತಾರೀಖನ್ನೂ ಮೇಲೆ ಬರೆದು ಕೊಡಿ. ವಾರ್ಡ್ ಕಚೇರಿಗಳ ಕಡತಗಳು ಐದು ಪಾಲಿಕೆಗಳಿಗೆ ಹಂಚಿಹೋಗುತ್ತಿರುವುದರಿಂದ ಈ ವರ್ಷವೇ ಕೊಟ್ಟರೆ ಒಳ್ಳೆಯದು.